ರಾಜೀನಾಮೆ ಪತ್ರ ಕೊಡುವ ಮುಂಚೆ: ಎಂಎಸ್ ಬಂದ ಒಂದು ಮನೆಯ ಲೆಕ್ಕ

ಈ ಪ್ರಕರಣದ ಹೆಂಗಸನ್ನು ಸುಮಾ ಎಂದು, ಅವರ ಗಂಡನನ್ನು ರವಿ ಎಂದು ಕರೆಯುತ್ತೇನೆ. ಹೆಸರು, ಊರು, ಕೆಲಸದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇದನ್ನು ಬರೆಯಲು ಇಬ್ಬರೂ ಒಪ್ಪಿದ್ದಾರೆ. ನಾನು ಆಸ್ಪತ್ರೆಯೊಂದರ ನರರೋಗ ವಿಭಾಗದಲ್ಲಿ ಮೆಡಿಕಲ್ ಸೋಷಿಯಲ್ ವರ್ಕರ್. ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ಆ ಮನೆಯವರು ವರ್ಷಗಟ್ಟಲೆ ಕೊಳ್ಳಲು, ತೆಗೆದುಕೊಳ್ಳಲು ಆಗುತ್ತದಾ ಎಂದು ನೋಡುವುದು ನನ್ನ ಕೆಲಸ.

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಅಂದರೆ ಏನು ಎಂದು ಎರಡು ಮಾತು. ನಮ್ಮ ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮೆದುಳು ಮತ್ತು ಬೆನ್ನುಹುರಿಯ ನರಗಳ ಹೊರಪದರದ ಮೇಲೆ ದಾಳಿ ಮಾಡುತ್ತದೆ. ಆ ಪದರದ ಹೆಸರು ಮೈಲಿನ್. ಕರೆಂಟ್ ವೈರಿನ ಮೇಲಿನ ಪ್ಲಾಸ್ಟಿಕ್ ಕಿತ್ತುಹೋದರೆ ಹೇಗೋ ಹಾಗೆ, ಸಂದೇಶ ದಾರಿಯಲ್ಲೇ ಸೋರಿಹೋಗುತ್ತದೆ. ಯಾವ ನರಕ್ಕೆ ಪೆಟ್ಟು ಬಿತ್ತೋ ಅದಕ್ಕೆ ತಕ್ಕ ತೊಂದರೆ: ಕಣ್ಣು ಮಂಜಾಗುವುದು, ಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು, ಮೂತ್ರ ತಡೆಯಲಾಗದಿರುವುದು. ಹೆಚ್ಚಿನವರಲ್ಲಿ ಇದು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಜಗತ್ತಿನಲ್ಲಿ 28 ಲಕ್ಷಕ್ಕೂ ಜಾಸ್ತಿ ಜನರಿಗೆ ಇದೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಶುರುವಾಗುವ ವಯಸ್ಸು ಸಾಮಾನ್ಯವಾಗಿ 20ರಿಂದ 40. ಅಂದರೆ ಮದುವೆ, ಮಗು, ಮೊದಲ ಪ್ರಮೋಷನ್, ಮನೆ ಸಾಲ ಎಲ್ಲ ಒಟ್ಟಿಗೆ ಬರುವ ವಯಸ್ಸು.

ಹಿನ್ನೆಲೆ

ಸುಮಾಗೆ ಆಗ 29. ಬಿ.ಕಾಂ. ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದರು. ಕೈಗೆ ಬರುವ ಸಂಬಳ 34,000 ರೂಪಾಯಿ. ರವಿ ತಿಂಡಿ ಪದಾರ್ಥದ ಕಂಪನಿಯೊಂದರ ಸೇಲ್ಸ್‌ನಲ್ಲಿ. ತಿಂಗಳಲ್ಲಿ ಅರ್ಧ ದಿನ ತುಮಕೂರು, ಚಿತ್ರದುರ್ಗ, ದಾವಣಗೆರೆ ಓಡಾಟ. ಸಂಬಳ 26,000, ಅದರ ಮೇಲೆ ಇನ್ಸೆಂಟಿವ್. ಮೂರು ವರ್ಷದ ಮಗ. ಪೀಣ್ಯದ ಹತ್ತಿರ ಎರಡನೇ ಮಹಡಿಯಲ್ಲಿ ಬಾಡಿಗೆ ಮನೆ, ಲಿಫ್ಟ್ ಇಲ್ಲ. ಇಬ್ಬರ ಊರೂ ಹಾಸನ ಜಿಲ್ಲೆ. ಕೂಡಿಟ್ಟಿದ್ದು ಅಂದರೆ ಒಂದು ಚೀಟಿ, ಸ್ವಲ್ಪ ಚಿನ್ನ. ವಿಮೆ ಅಂತ ಇದ್ದದ್ದು ಸುಮಾ ಕಂಪನಿಯ 3 ಲಕ್ಷದ ಗುಂಪು ವಿಮೆ ಮಾತ್ರ.

ಬಿಪಿಎಲ್ ಕಾರ್ಡ್ ಇರಲಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ. ಇಂಥ ಮಧ್ಯದ ಕುಟುಂಬಗಳೇ ನನ್ನ ಟೇಬಲ್ಲಿಗೆ ಜಾಸ್ತಿ ಬರುವುದು.

2019ರ ಕೊನೆಯಲ್ಲಿ ಸುಮಾ ಅವರ ಬಲಗಣ್ಣು ಮಂಜಾಯಿತು. ಕಣ್ಣು ಹೊರಳಿಸಿದರೆ ನೋವು, ಕೆಂಪು ಬಣ್ಣ ಮಾಸಿದ ಹಾಗೆ ಕಾಣುತ್ತಿತ್ತು. ಕಣ್ಣಿನ ಡಾಕ್ಟರು ನರದ ಉರಿಯೂತ ಎಂದು ಗುರುತಿಸಿ ಸ್ಟೀರಾಯ್ಡ್ ಕೊಟ್ಟರು. ಮೆದುಳಿನ ಎಂಆರ್‌ಐ ಮಾಡಿಸಿ ಎಂದೂ ಬರೆದರು. ಕೆಲವು ವಾರಗಳಲ್ಲಿ ಕಣ್ಣು ಸರಿಹೋಯಿತು. ಹೊರರೋಗಿಯಾಗಿ ಮಾಡಿಸುವ ಸ್ಕ್ಯಾನಿಗೆ ವಿಮೆ ದುಡ್ಡು ಕೊಡುವುದಿಲ್ಲ. "ಕಣ್ಣು ಸರಿಯಾಯ್ತಲ್ಲ, ಈಗ ತಲೆ ಸ್ಕ್ಯಾನ್ ಯಾಕೆ?" ಅಂದುಕೊಂಡು ಬಿಟ್ಟರು.

ಮೊದಲ ತಿರುವು ಇದೇ. ಅಮೆರಿಕದಲ್ಲಿ ಕಣ್ಣಿನ ನರದ ಉರಿಯೂತ ಆದವರನ್ನು 15 ವರ್ಷ ಗಮನಿಸಿ ನೋಡಿದ ಅಧ್ಯಯನವೊಂದಿದೆ. ಮೊದಲ ಎಂಆರ್‌ಐನಲ್ಲೇ ಮಚ್ಚೆ (ನರಕ್ಕೆ ಪೆಟ್ಟು ಬಿದ್ದ ಗುರುತು) ಇದ್ದವರ ಪೈಕಿ ಶೇ. 72 ಜನಕ್ಕೆ ಮುಂದೆ ಎಂಎಸ್ ಬಂತು. ಮಚ್ಚೆ ಇಲ್ಲದವರಲ್ಲಿ ಶೇ. 25. ಆ ಸ್ಕ್ಯಾನು ಮಾಡಿಸಿದ್ದರೆ ಚಿಕಿತ್ಸೆ ಒಂದು ವರ್ಷ ಮೊದಲೇ ಶುರುವಾಗುವ ಸಾಧ್ಯತೆ ಇತ್ತು. ಆದರೆ ಸರಿಹೋದ ಕಣ್ಣಿಗೆ ಸಾವಿರಾರು ರೂಪಾಯಿ ಖರ್ಚು ಮಾಡು ಅಂದರೆ ಯಾವ ಮನೆಯವರಾದರೂ ಯೋಚನೆ ಮಾಡುತ್ತಾರೆ.

2020ರ ಲಾಕ್‌ಡೌನ್ ಸಡಿಲವಾಗುವ ಹೊತ್ತಿಗೆ ಕಾಲು ಜೋಮು ಶುರುವಾಯಿತು. ನಡೆಯುವಾಗ ಚಪ್ಪಲಿ ಕಳಚಿಹೋದರೂ ಗೊತ್ತಾಗುತ್ತಿರಲಿಲ್ಲ. ಕತ್ತು ಬಗ್ಗಿಸಿದರೆ ಬೆನ್ನಿನಗುಂಟ ಕರೆಂಟ್ ಹೊಡೆದ ಹಾಗೆ. ಒಬ್ಬ ಡಾಕ್ಟರು ಬಿ12 ಇಂಜೆಕ್ಷನ್ ಕೊಟ್ಟರು. ಇನ್ನೊಬ್ಬರು ಡಿಸ್ಕ್ ಅಂದರು. ಸೊಂಟದ ಎಂಆರ್‌ಐ ಆಯಿತು, ಅದರಲ್ಲಿ ಏನೂ ಇಲ್ಲ. ಇರುವುದೂ ಇಲ್ಲ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ, ಸುಮಾ ಅವರ ಮಚ್ಚೆ ಇದ್ದದ್ದು ಕತ್ತಿನ ಭಾಗದಲ್ಲಿ. ಕೊನೆಗೆ 2021ರ ಫೆಬ್ರವರಿಯಲ್ಲಿ ನ್ಯೂರಾಲಜಿಸ್ಟ್ ಒಬ್ಬರು ಮೆದುಳು ಮತ್ತು ಕತ್ತಿನ ಎಂಆರ್‌ಐ ಮಾಡಿಸಿ, ಬೆನ್ನಿನಿಂದ ನೀರು ತೆಗೆಸಿ ಎಂಎಸ್ ಎಂದು ಹೇಳಿದರು. ಜೊತೆಗೆ ಎನ್‌ಎಂಒ ಎಂಬ ಹತ್ತಿರದ ಕಾಯಿಲೆ ಇಲ್ಲ ಎಂದು ಖಚಿತ ಮಾಡಿಕೊಳ್ಳಲು ರಕ್ತದಲ್ಲಿ ಅಕ್ವಾಪೋರಿನ್-4 ಪರೀಕ್ಷೆ. ಇದು ಸುಮ್ನೆ ಮಾಡಿಸುವ ಪರೀಕ್ಷೆ ಅಲ್ಲ. ಎಂಎಸ್‌ಗೆ ಕೊಡುವ ಕೆಲವು ಔಷಧಿಗಳು ಎನ್‌ಎಂಒ ಇದ್ದವರಲ್ಲಿ ಕಾಯಿಲೆಯನ್ನು ಹೆಚ್ಚಿಸುತ್ತವೆ.

ಮುಚ್ಚಿಟ್ಟ ಎರಡು ವರ್ಷ

ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಟರ್‌ಫೆರಾನ್ ಬೀಟಾ ಶುರುವಾಯಿತು. ತಿಂಗಳಿಗೆ ಸುಮಾರು 15,000. ಮನೆಯಲ್ಲೇ ಚುಚ್ಚಿಕೊಳ್ಳುವ ಇಂಜೆಕ್ಷನ್ನಿಗೆ ವಿಮೆ ಇಲ್ಲ. ಆಸ್ಪತ್ರೆಯಲ್ಲಿ ಮಲಗಿದರೆ ದುಡ್ಡು, ಮಲಗದ ಹಾಗೆ ನೋಡಿಕೊಳ್ಳುವ ಔಷಧಿಗೆ ದುಡ್ಡಿಲ್ಲ! ಚೀಟಿ ಕೂಗಿ ಎತ್ತಿದರು. ಆಮೇಲೆ ಚಿನ್ನ ಅಡವಿಗೆ ಹೋಯಿತು.

ಯಾರಿಗೆ ಹೇಳಬೇಕು ಎಂಬ ಪ್ರಶ್ನೆ ಬಂದಾಗ ಗಂಡ ಹೆಂಡತಿ, ಸುಮಾ ಅವರ ತಾಯಿ, ಇಷ್ಟೇ ಜನ ಸಾಕು ಎಂದು ತೀರ್ಮಾನವಾಯಿತು. ಕಾರಣ ಇತ್ತು. ತಂಗಿಗೆ ಗಂಡು ನೋಡುತ್ತಿದ್ದರು. "ಅಕ್ಕನಿಗೆ ನರದ ಕಾಯಿಲೆಯಂತೆ" ಎಂಬ ಒಂದು ಮಾತು ಸಾಕಿತ್ತು. ಎಂಎಸ್ ಹೆತ್ತವರಿಂದ ಮಕ್ಕಳಿಗೆ ನೇರವಾಗಿ ಇಳಿದು ಬರುವ ಕಾಯಿಲೆ ಅಲ್ಲ. ರಕ್ತಸಂಬಂಧಿಗಳಲ್ಲಿ ಸಾಧ್ಯತೆ ಸ್ವಲ್ಪ ಜಾಸ್ತಿ ಇದ್ದರೂ ಒಟ್ಟಾರೆ ಕಡಿಮೆಯೇ. ಇದನ್ನು ಹೆಣ್ಣು ನೋಡಲು ಬಂದವರ ಮುಂದೆ ಕೂತು ವಿವರಿಸಲು ಆಗುತ್ತದಾ?

ಕೋವಿಡ್ ಕಾಲದ ವರ್ಕ್ ಫ್ರಮ್ ಹೋಮ್ ಈ ಗುಟ್ಟನ್ನು ಕಾಪಾಡಿತು. ಆಫೀಸಿನಲ್ಲಿ ಯಾರೂ ಅವರು ನಡೆಯುವುದನ್ನೇ ನೋಡಲಿಲ್ಲ. ಶನಿವಾರ ರಾತ್ರಿ ಇಂಜೆಕ್ಷನ್, ಭಾನುವಾರ ಜ್ವರ ಮೈಕೈ ನೋವು, ಸೋಮವಾರ ಬೆಳಗ್ಗೆ ಲ್ಯಾಪ್‌ಟಾಪ್ ಮುಂದೆ. ಊರಿನಿಂದ ಬಂದ ಅತ್ತೆಗೆ ಕಂಡದ್ದು ಭಾನುವಾರ ಮಾತ್ರ. "ರಜಾ ದಿನ ಅಂದ್ರೆ ಎದ್ದೇಳೋದೇ ಇಲ್ಲ ಇವಳು." ಎಂಎಸ್‌ನ ಸುಸ್ತು ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ, ಹೊರಗೆ ಕಾಣುವಂಥದ್ದೂ ಅಲ್ಲ. ನೋಡಲು ಚೆನ್ನಾಗಿರುವವಳು ಮಲಗಿದರೆ ನಮ್ಮ ಮನೆಗಳಲ್ಲಿ ಅದಕ್ಕೆ ಇರುವ ಹೆಸರು ಸೋಮಾರಿತನ.

ಇಂಟರ್‌ಫೆರಾನ್ ಫ್ರಿಜ್‌ನಲ್ಲಿರಬೇಕು. 2022ರ ಯುಗಾದಿಗೆ ಊರಿಗೆ ಹೋದಾಗ ಸುಮಾ ಅದನ್ನು ಬೆಂಗಳೂರಲ್ಲೇ ಬಿಟ್ಟು ಹೋದರು. ಅತ್ತೆ ಮನೆಯ ಫ್ರಿಜ್‌ನಲ್ಲಿ ಹಾಲಿನ ಪಾತ್ರೆ ಪಕ್ಕ ಸಿರಿಂಜಿನ ಡಬ್ಬಿ ಇಟ್ಟರೆ ಎಲ್ಲರೂ ಕೇಳುತ್ತಾರೆ. ಹಬ್ಬ ಮುಗಿದರೂ ಜಾತ್ರೆ, ನೆಂಟರ ಮನೆ ಗೃಹಪ್ರವೇಶ ಅಂತ ಉಳಿಯಬೇಕಾಯಿತು. ಕೆಲವು ಡೋಸ್ ಹೀಗೆ ತಪ್ಪಿದವು. ಕೆಲವು ತಿಂಗಳ ಕೊನೆಯಲ್ಲಿ ದುಡ್ಡಿಲ್ಲದೆ ತಪ್ಪಿದವು. ಜೂನ್‌ನಲ್ಲಿ ಎಡಗಾಲು ಸೋತಿತು, ಮೂತ್ರ ತಡೆಯಲು ಆಗದೆ ಹೋಯಿತು. ಡೋಸ್ ತಪ್ಪಿದ್ದಕ್ಕೇ ಹೀಗಾಯಿತು ಎಂದು ಯಾವ ಡಾಕ್ಟರೂ ಹೇಳಲಾರರು. ಸರಿಯಾಗಿ ತೆಗೆದುಕೊಂಡವರಿಗೂ ರಿಲ್ಯಾಪ್ಸ್, ಅಂದರೆ ಕಾಯಿಲೆ ಮರುಕಳಿಸುವುದು, ಆಗುತ್ತದೆ. ಆದರೆ ಗುಟ್ಟು ಕಾಪಾಡುವುದು ಆ ಮನೆಯಲ್ಲಿ ಔಷಧಿಗಿಂತ ಮುಖ್ಯವಾಗಿತ್ತು ಎಂಬುದು ನಿಜ.

ಐದು ದಿನ ಸ್ಟೀರಾಯ್ಡ್ ಆದ ಮೀಥೈಲ್‌ಪ್ರೆಡ್ನಿಸೊಲೋನ್ ಡ್ರಿಪ್. ಆ ಆಸ್ಪತ್ರೆ ಬಿಲ್ಲಿನ ಹೆಚ್ಚಿನ ಭಾಗ ವಿಮೆ ಕೊಟ್ಟಿತು. ಅದರ ಸುತ್ತ ಆದ ಖರ್ಚನ್ನು ಯಾರೂ ಕೊಡಲಿಲ್ಲ. ಐದು ವಾರ ಸಂಬಳವಿಲ್ಲದ ರಜೆ. ಎರಡು ಮಹಡಿ ಹತ್ತಲಾಗದೆ ನೆಲಮಹಡಿ ಮನೆಗೆ ಬದಲಾದರು, ಬಾಡಿಗೆ ತಿಂಗಳಿಗೆ 3,000 ಜಾಸ್ತಿ. ಮಗುವನ್ನು ನೋಡಿಕೊಳ್ಳಲು ಸುಮಾ ಅವರ ತಾಯಿ ಎರಡು ಹಸು ಮಾರಿ ಬೆಂಗಳೂರಿಗೆ ಬಂದರು. ಡೈರಿಗೆ ಹಾಲು ಹಾಕಿ ಬರುತ್ತಿದ್ದ ಬಟವಾಡೆ ನಿಂತಿತು. ರವಿ ಊರೂರು ತಿರುಗುವ ಸೇಲ್ಸ್ ಬಿಟ್ಟು ಅದೇ ಕಂಪನಿಯ ಡಿಪೋದಲ್ಲಿ ಕೂರುವ ಕೆಲಸಕ್ಕೆ ಹೋದರು. ಇನ್ಸೆಂಟಿವ್ ಹೋಯಿತು.

2023ರ ಶುರುವಿನಲ್ಲಿ ಕಂಪನಿ ಎಲ್ಲರನ್ನೂ ಆಫೀಸಿಗೆ ಕರೆಯಿತು. ಬಸ್ಸಿನಲ್ಲಿ ಒಂದೂವರೆ ಗಂಟೆ. ದಾರಿಯಲ್ಲಿ ಮೂತ್ರ ಬಂದರೆ ಎಲ್ಲಿಗೆ ಹೋಗುವುದು? ಸುಮಾ ಬೆಳಗ್ಗೆಯಿಂದ ನೀರು ಕುಡಿಯುವುದನ್ನೇ ಬಿಟ್ಟರು. ಏಪ್ರಿಲ್ ಬಿಸಿಲಿನಲ್ಲಿ ಮೂತ್ರದ ಸೋಂಕಾಯಿತು, ಜ್ವರ ಬಂತು, ಕಾಲು ಮತ್ತೆ ಸೋತಿತು. ಮನೆ ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ರಿಲ್ಯಾಪ್ಸ್ ಎಂದುಕೊಂಡು ಮತ್ತೆ ಸ್ಟೀರಾಯ್ಡ್ ಡ್ರಿಪ್. ವಿಮೆ ಪಟ್ಟಿಯಲ್ಲಿಲ್ಲದ ಜಾಗ, ಕೈಯಿಂದ 38,000 ಹೋಯಿತು. ಇದು ರಿಲ್ಯಾಪ್ಸ್ ಆಗಿರಲೇ ಇಲ್ಲ. ಮೈ ಬಿಸಿಯಾದರೆ ಹಳೆಯ ಪೆಟ್ಟು ತಿಂದ ನರಗಳು ಇನ್ನೂ ನಿಧಾನವಾಗುತ್ತವೆ. ಉಹ್ಟಾಫ್ ಎಂಬ ಜರ್ಮನ್ ಕಣ್ಣಿನ ಡಾಕ್ಟರು 1890ರಲ್ಲೇ ಇದನ್ನು ಗಮನಿಸಿ ಬರೆದಿದ್ದಾರೆ. ಜ್ವರವೋ ಸೋಂಕೋ ಇಲ್ಲದೆ, ಹೊಸ ತೊಂದರೆ 24 ಗಂಟೆಗಿಂತ ಜಾಸ್ತಿ ನಿಂತರೆ ಅದು ರಿಲ್ಯಾಪ್ಸ್. ಒಂದು ಮೂತ್ರ ಪರೀಕ್ಷೆ, ಒಂದು ಕೋರ್ಸ್ ಆಂಟಿಬಯಾಟಿಕ್‌ನಲ್ಲಿ ಮುಗಿಯಬೇಕಿದ್ದ ವಿಷಯ. ಇದನ್ನು ಅವರಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ರಾಜೀನಾಮೆ ಪತ್ರ

ಅದಾದ ಮೇಲೆ ಆಫೀಸಿನಲ್ಲಿ ಮುಚ್ಚಿಡಲು ಆಗಲಿಲ್ಲ. ಕಾರಿಡಾರ್‌ನಲ್ಲಿ ಗೋಡೆ ಹಿಡಿದು ನಡೆಯುವುದನ್ನು ಎಲ್ಲರೂ ನೋಡಿದರು. ಮ್ಯಾನೇಜರ್ ಕರೆದು ಕೂರಿಸಿ ಮಾತಾಡಿದರು. "ಆರೋಗ್ಯಕ್ಕಿಂತ ಕೆಲಸ ದೊಡ್ಡದಲ್ಲ ಸುಮಾ. ಪೇಪರ್ ಹಾಕಿಬಿಡಿ. ಸರಿಹೋದ ಮೇಲೆ ನೋಡೋಣ." ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಎಂದು ಸುಮಾ ಇವತ್ತಿಗೂ ಹೇಳುತ್ತಾರೆ. ನನಗೆ ಆ ಮಾತು ಅಷ್ಟು ಸರಳ ಅನ್ನಿಸುವುದಿಲ್ಲ.

ನಮ್ಮ ಆಸ್ಪತ್ರೆಗೆ ಬಂದಾಗ ಅವರ ಬ್ಯಾಗಿನಲ್ಲಿ ಟೈಪ್ ಮಾಡಿದ ರಾಜೀನಾಮೆ ಪತ್ರ ಇತ್ತು. ಅದರ ಜೊತೆ ಲಗತ್ತಿಸಲು ಡಾಕ್ಟರ ಸರ್ಟಿಫಿಕೇಟ್ ಬೇಕು ಎಂದು ಕೇಳಲು ಬಂದಿದ್ದರು. ಡಾಕ್ಟರು ಸರ್ಟಿಫಿಕೇಟ್ ಬರೆಯುವ ಬದಲು ಅವರನ್ನು ನನ್ನ ಹತ್ತಿರ ಕಳಿಸಿದರು.

ಬ್ಯಾಂಕ್ ಪಾಸ್‌ಬುಕ್, ಬಿಲ್ಲುಗಳನ್ನು ಇಟ್ಟುಕೊಂಡು ಒಂದು ನೋಟ್‌ಬುಕ್‌ನಲ್ಲಿ ಲೆಕ್ಕ ಬರೆಸಿದೆ. ಅವರು ಬಾಯಲ್ಲಿ ಹೇಳುತ್ತಿದ್ದದ್ದು ಔಷಧಿ ಲೆಕ್ಕ ಒಂದೇ. ಎರಡು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಸಮಯದಲ್ಲಿ ಸುಮಾರು 3 ಲಕ್ಷ 40 ಸಾವಿರ. ಉಳಿದದ್ದನ್ನು ಬರೆದಾಗ ಹೀಗೆ ಬಂತು: ಸಂಬಳವಿಲ್ಲದ ರಜೆ 60,000, ರವಿಯ ಇನ್ಸೆಂಟಿವ್ ಹತ್ತು ತಿಂಗಳಿಗೆ 90,000, ತಾಯಿಯ ಹಾಲಿನ ದುಡ್ಡು 70,000, ಬೇಡದ ಸ್ಟೀರಾಯ್ಡ್‌ಗೆ ಹೋದ 38,000, ಜಾಸ್ತಿ ಬಾಡಿಗೆ 27,000, ಬಸ್ ಹತ್ತಲಾಗದ ದಿನಗಳ ಆಟೋ 16,000. ಒಟ್ಟು 3 ಲಕ್ಷ 1 ಸಾವಿರ. ಔಷಧಿಯ ಹತ್ತಿರ ಹತ್ತಿರ ಅಷ್ಟೇ. ಇದಕ್ಕೆ ಯಾವ ಬಿಲ್ಲೂ ಇಲ್ಲ, ಹಾಗಾಗಿ ಇದು ಖರ್ಚು ಅಂತ ಯಾರಿಗೂ ಅನ್ನಿಸಿರಲಿಲ್ಲ. ಹಾಲಿನ ದುಡ್ಡು ಬರೆಯುವಾಗ ತಾಯಿ, "ಅಯ್ಯೋ, ಅದೆಲ್ಲ ಯಾಕ್ ಬರೀತೀರಿ ಮೇಡಂ" ಅಂದರು.

ಆಮೇಲೆ ರಾಜೀನಾಮೆಯ ಲೆಕ್ಕ ಬರೆದೆವು. ಕೈತಪ್ಪುವ ಸಂಬಳ ವರ್ಷಕ್ಕೆ 4 ಲಕ್ಷ 8 ಸಾವಿರ. ಎರಡು ವರ್ಷದ ಔಷಧಿಗಿಂತ ಜಾಸ್ತಿ, ಅದೂ ಒಂದೇ ವರ್ಷಕ್ಕೆ. ಅದರ ಜೊತೆ ಗುಂಪು ವಿಮೆಯೂ ಹೋಗುತ್ತದೆ. ಎಂಎಸ್ ಎಂದು ಬರೆದ ಫೈಲ್ ಹಿಡಿದು ಹೊಸ ವಿಮೆ ಕೇಳಿದರೆ ಸಿಗುವುದು ಬಹಳ ಕಷ್ಟ. ಸಿಕ್ಕರೂ ಇರುವ ಕಾಯಿಲೆಗೆ ವರ್ಷಗಟ್ಟಲೆ ಕಾಯಬೇಕು. ಆಗ ಆ ಅವಧಿ 48 ತಿಂಗಳವರೆಗೆ ಇತ್ತು, 2024ರಲ್ಲಿ ಅದನ್ನು 36ಕ್ಕೆ ಇಳಿಸಿದರು. ರವಿ ಲೆಕ್ಕವನ್ನು ಎರಡು ಸಲ ಕೂಡಿಸಿ ನೋಡಿದರು. ಪತ್ರ ಬ್ಯಾಗಿನಲ್ಲೇ ಉಳಿಯಿತು.

ಏನೇನು ಮಾಡಿದೆವು

ಮೊದಲು ಕಂಪನಿಗೆ ಇನ್ನೊಂದು ಪತ್ರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯದ ಪಟ್ಟಿ ಇದೆ, ಅದರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರಿದೆ. ಸುಮಾ ಸರ್ಕಾರಿ ನೌಕರಿಯಲ್ಲಿದ್ದಿದ್ದರೆ ಕಥೆಯೇ ಬೇರೆ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ತೆಗೆಯಬಾರದು, ಹುದ್ದೆ ಇಳಿಸಬಾರದು, ಆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು ಎಂದು 20ನೇ ಕಲಂ ಹೇಳುತ್ತದೆ. ಖಾಸಗಿ ಕಂಪನಿಗೆ ಅಷ್ಟು ಗಟ್ಟಿ ಕಟ್ಟು ಇಲ್ಲ. ಸಮಾನ ಅವಕಾಶದ ನೀತಿಯೊಂದನ್ನು ಇಟ್ಟುಕೊಂಡಿರಬೇಕು ಎಂದು 21ನೇ ಕಲಂ ಹೇಳುತ್ತದೆ. ಅದನ್ನು ಹಿಡಿದುಕೊಂಡೇ ಬರೆದೆವು. ವಕೀಲರ ನೋಟಿಸ್ ಥರ ಬರೆಯುವುದು ಬೇಡ ಎಂದು ನಾನು ಹೇಳಿದೆ. ಅದೇ ಮ್ಯಾನೇಜರ್ ಜೊತೆ ನಾಳೆಯೂ ಕೆಲಸ ಮಾಡಬೇಕು ಅಲ್ವಾ? ಕೇಳಿದ್ದು ಇಷ್ಟೇ: ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ, ಶೌಚಾಲಯದ ಹತ್ತಿರ ಸೀಟು, ಜನದಟ್ಟಣೆ ಇಲ್ಲದ ಹೊತ್ತಿಗೆ ಬಂದು ಹೋಗಲು ಅನುಮತಿ. ಕಾಯಿಲೆಯ ಹೆಸರು ಎಚ್‌ಆರ್ ಮತ್ತು ಮ್ಯಾನೇಜರ್‌ಗೆ ಮಾತ್ರ ತಿಳಿಯಬೇಕು ಎಂದೂ ಬರೆದೆವು.

ಎಚ್‌ಆರ್ ಅಂಗವೈಕಲ್ಯ ಪ್ರಮಾಣಪತ್ರ ಕೇಳಿತು. ಯುಡಿಐಡಿ (ವಿಕಲಚೇತನರ ಗುರುತಿನ ಚೀಟಿ) ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ದಿನಾಂಕ ಸಿಕ್ಕ ಮೇಲೆ ಸುಮಾ ಎರಡು ದಿನ ರಜೆ ಹಾಕಿ ಮಲಗಿ ಸುಧಾರಿಸಿಕೊಂಡರು. ಇಲ್ಲದಿದ್ದರೆ ಆಸ್ಪತ್ರೆಯ ಕ್ಯೂನಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಸುಧಾರಿಸಿಕೊಂಡಿದ್ದರಿಂದ ಅಂಗವೈಕಲ್ಯ ಅಳೆಯುವ ವೈದ್ಯರ ಮಂಡಳಿಯ ಮುಂದೆ ಚೆನ್ನಾಗೇ ನಡೆದರು. ಸಿಕ್ಕಿದ್ದು ಶೇ. 40ಕ್ಕಿಂತ ಕಡಿಮೆಯ, ಮತ್ತೆ ಪರಿಶೀಲಿಸಬೇಕಾದ ತಾತ್ಕಾಲಿಕ ಪ್ರಮಾಣಪತ್ರ. ಸರ್ಕಾರದ ಹೆಚ್ಚಿನ ಸವಲತ್ತುಗಳ ಗೆರೆ ಇರುವುದೇ 40ರಲ್ಲಿ. ಒಂದು ಬೆಳಗ್ಗೆಯ ಪರೀಕ್ಷೆಯಲ್ಲಿ ಸಂಜೆಯ ಸುಸ್ತು ಕಾಣುವುದಿಲ್ಲ, ಮಧ್ಯಾಹ್ನದ ಬಿಸಿಲೂ ಕಾಣುವುದಿಲ್ಲ. ವಿಚಿತ್ರ ಅಂದರೆ, ಅದೇ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಿಎಂಟಿಸಿ ಪ್ರಯಾಣ ಉಚಿತವಾಯಿತು. ಕಾಯಿಲೆಗೆ ಸಿಗದ ಸಹಾಯ ಹೆಂಗಸು ಎಂಬುದಕ್ಕೆ ಸಿಕ್ಕಿತು. ಆದರೆ ಶಕ್ತಿ ಎ.ಸಿ. ಇರುವ ವಜ್ರ ಬಸ್ಸಿಗೆ ಇಲ್ಲ. ಬೇಸಿಗೆಯಲ್ಲಿ ಅವರಿಗೆ ಬೇಕಾಗಿದ್ದದ್ದು ಅದೇ.

ಕಂಪನಿ ಆ ಪ್ರಮಾಣಪತ್ರವನ್ನು ಒಪ್ಪಿಕೊಂಡಿತು. ಶೇ. 40ರ ಗೆರೆ ಮೀಸಲಾತಿ, ಸವಲತ್ತುಗಳಿಗೆ. ತಾರತಮ್ಯ ಮಾಡಬಾರದು ಎಂಬ ಮಾತಿಗೆ ಆ ಗೆರೆ ಇಲ್ಲ ಎಂದು ನಾವು ಪತ್ರದಲ್ಲೇ ಬರೆದಿದ್ದೆವು. ಮೊದಲು ಆರು ತಿಂಗಳಿಗೆ ಎಂದು ಮೂರು ದಿನ ಮನೆಯಿಂದ ಕೆಲಸ ಕೊಟ್ಟರು.

ಇದರ ಮಧ್ಯೆ ಡಾಕ್ಟರು ಔಷಧಿ ಬದಲಿಸಲು ಯೋಚಿಸಿದರು. ಹಳೆಯದು ಸಾಲುತ್ತಿಲ್ಲ, ಸುಮಾಗೆ ಅದು ಒಗ್ಗುತ್ತಲೂ ಇಲ್ಲ. ಅವರು ಆರಿಸಿದ್ದು ರಿಟುಕ್ಸಿಮ್ಯಾಬ್. ಮೂಲತಃ ಲಿಂಫೋಮಾ ಎಂಬ ಕ್ಯಾನ್ಸರ್ ಮತ್ತು ಸಂಧಿವಾತಕ್ಕೆ ಬಳಸುವ ಔಷಧಿ. ಎಂಎಸ್‌ಗೆ ಲೈಸೆನ್ಸ್ ಇಲ್ಲದಿದ್ದರೂ ಸ್ವೀಡನ್‌ನಲ್ಲಿ ಬಹಳ ವರ್ಷಗಳಿಂದ ಕೊಡುತ್ತಿದ್ದಾರೆ. 2022ರಲ್ಲಿ ಪ್ರಕಟವಾದ ಅಲ್ಲಿನ ಪ್ರಯೋಗದಲ್ಲಿ, ಎರಡು ವರ್ಷದಲ್ಲಿ ರಿಟುಕ್ಸಿಮ್ಯಾಬ್ ಪಡೆದವರಲ್ಲಿ ಶೇ. 3 ಜನಕ್ಕೆ ರಿಲ್ಯಾಪ್ಸ್ ಆಯಿತು, ಎಂಎಸ್‌ನ ಇನ್ನೊಂದು ಔಷಧಿ ಡೈಮೀಥೈಲ್ ಫ್ಯೂಮರೇಟ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 16. ಭಾರತದ ಕಂಪನಿಗಳು ಇದರ ಬಯೋಸಿಮಿಲರ್ (ಮೂಲ ಔಷಧಿಗೆ ಹೋಲುವ ಔಷಧಿ) ಅನ್ನು 2007ರಿಂದ ಮಾಡುತ್ತಿವೆ, ಹಾಗಾಗಿ ಬೆಲೆ ಕೈಗೆಟುಕುತ್ತದೆ. ಆರು ತಿಂಗಳಿಗೊಮ್ಮೆ ಡ್ರಿಪ್. ಸೋಂಕಿನ ಅಪಾಯ ಜಾಸ್ತಿ, ಮೊದಲೇ ಹೆಪಟೈಟಿಸ್ ಬಿ, ಟಿಬಿ ಪರೀಕ್ಷೆ, ಲಸಿಕೆ ಆಗಬೇಕು. ಅದೆಲ್ಲ ಸೇರಿಯೂ ವರ್ಷದ ಖರ್ಚು ಸುಮಾಗೆ ಇಂಟರ್‌ಫೆರಾನ್‌ನ ಅರ್ಧದಷ್ಟಾಯಿತು.

ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ಬೇರೆ. ಮನೆಯಲ್ಲಿ ತೆಗೆದುಕೊಳ್ಳುವ ಔಷಧಿ ವಿಮೆಯ ಹೊರಗೆ, ಆಸ್ಪತ್ರೆಯಲ್ಲಿ ಕೊಡುವ ಡ್ರಿಪ್ ವಿಮೆಯ ಒಳಗೆ. ಕ್ಲೇಮ್ ಹಾಕಿದೆವು. ತಿರಸ್ಕಾರವಾಯಿತು. 24 ಗಂಟೆ ದಾಖಲಾಗಿಲ್ಲ ಎಂಬುದು ಒಂದು ಕಾರಣ, ಎಂಎಸ್‌ಗೆ ಇದು ಸಾಬೀತಾಗದ ಚಿಕಿತ್ಸೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ವಿಮಾ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐನ 2019ರ ಮಾರ್ಗಸೂಚಿಯಲ್ಲಿತ್ತು. ಇಂಜೆಕ್ಷನ್ ರೂಪದ ಮೋನೋಕ್ಲೋನಲ್ ಆಂಟಿಬಾಡಿ ಚಿಕಿತ್ಸೆಯನ್ನು (ರಿಟುಕ್ಸಿಮ್ಯಾಬ್ ಅಂಥದ್ದೇ) ಪಾಲಿಸಿಯಿಂದ ಹೊರಗಿಡುವಂತಿಲ್ಲ, ಮೊತ್ತಕ್ಕೆ ಮಿತಿ ಬೇಕಾದರೆ ಹಾಕಬಹುದು. ಎರಡನೆಯದಕ್ಕೆ ಸಮಯ ಕೂಡಿಬಂತು. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಮೊದಲ ಬಾರಿಗೆ ಎಂಎಸ್ ಔಷಧಿಗಳನ್ನು ಸೇರಿಸಿತು: ಕ್ಲಾಡ್ರಿಬಿನ್, ಗ್ಲಾಟಿರಾಮರ್ ಮತ್ತು ರಿಟುಕ್ಸಿಮ್ಯಾಬ್. ಡಾಕ್ಟರು ಅದನ್ನು ತಮ್ಮ ಪತ್ರದಲ್ಲಿ ಬರೆದರು. ವಿಮಾ ಕಂಪನಿಯ ದೂರು ವಿಭಾಗಕ್ಕೆ ಹೋಯಿತು. ಅಲ್ಲೂ ಆಗದಿದ್ದರೆ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗುವುದು ಎಂದುಕೊಂಡಿದ್ದೆವು, ಅಲ್ಲಿ ದೂರು ಕೊಡಲು ಶುಲ್ಕ ಇಲ್ಲ. ಅದರ ಅಗತ್ಯ ಬೀಳಲಿಲ್ಲ. ಪಾಲಿಸಿಯ ಮಿತಿಯೊಳಗೆ ಹಣ ಬಂತು, ಪೂರ್ತಿ ಅಲ್ಲ.

ಇನ್ನೊಂದು ಲಾಭವನ್ನು ಯಾವ ಔಷಧ ಪ್ರಯೋಗವೂ ಅಳೆಯುವುದಿಲ್ಲ. ಈಗ ಫ್ರಿಜ್‌ನಲ್ಲಿ ಏನನ್ನೂ ಇಡಬೇಕಿಲ್ಲ, ಭಾನುವಾರದ ಜ್ವರವೂ ಇಲ್ಲ.

ಮನೆಯಲ್ಲಿ ಹೇಳಿದ್ದು

ಗುಟ್ಟು ಇಟ್ಟುಕೊಳ್ಳುವುದು ಸುಲಭವಾದ ಹೊತ್ತಿಗೇ ಅದನ್ನು ಬಿಡಲು ಸುಮಾ ತೀರ್ಮಾನಿಸಿದರು. ಅತ್ತೆಗೆ ರವಿಯೇ ಹೇಳಿದರು. ಅವರ ಮೊದಲ ಪ್ರಶ್ನೆ, "ಮದುವೆಗೆ ಮುಂಚೆನೇ ಇತ್ತಾ ಇದು?" ಕಾಯಿಲೆ ಏನು, ವಾಸಿಯಾಗುತ್ತಾ ಎಂಬುದೆಲ್ಲ ಆಮೇಲೆ. ಹೆಣ್ಣಿಗೆ ಎಂಎಸ್ ಬಂದ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಮೊದಲು ಬರುವುದನ್ನು ನೋಡಿದ್ದೇನೆ. ಗಂಡಸಿಗೆ ಬಂದಾಗ ಕೇಳಿದ್ದು ಕಡಿಮೆ. ಕೆಲವು ತಿಂಗಳು ಮಾತು ಬಿಗಿಯಾಗಿತ್ತು. ಅತ್ತೆಯನ್ನು ಡ್ರಿಪ್ ದಿನ ಆಸ್ಪತ್ರೆಗೆ ಕರೆತರಲು ರವಿಗೆ ಹೇಳಿದೆವು. ಡಾಕ್ಟರು ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು ಬಿಳಿ ಮಚ್ಚೆಗಳನ್ನು ತೋರಿಸಿದರು. ಸೋಮಾರಿತನದ ಮಾತು ಅಲ್ಲಿಗೆ ನಿಂತಿತು. ಎರಡನೇ ಮಗುವಿನ ಮಾತು ನಿಲ್ಲಲಿಲ್ಲ, ಅದು ಈಗಲೂ ಹಬ್ಬ ಹಬ್ಬಕ್ಕೂ ಬರುತ್ತದೆ. ಎಂಎಸ್ ಇದ್ದವರು ಬಸಿರಾಗಬಾರದು ಎಂದೇನಿಲ್ಲ. ಬಸಿರಿನಲ್ಲಿ ರಿಲ್ಯಾಪ್ಸ್ ಕಡಿಮೆಯೇ, ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ ಜಾಸ್ತಿ. ಔಷಧಿಯ ಸಮಯ ನೋಡಿ ಯೋಜನೆ ಮಾಡಬೇಕು. ಬೇಡ ಅನ್ನುವುದು ಸುಮಾ ಅವರದೇ ತೀರ್ಮಾನ, ಕಾರಣ ಸುಸ್ತು.

ತಂಗಿಯ ವಿಷಯದಲ್ಲಿ ನಾವು ಸಲಹೆ ಕೊಡಲಿಲ್ಲ, ಅದು ಅವಳ ಬದುಕು. ಅವಳೇ ಹುಡುಗನ ಕಡೆಯವರಿಗೆ ಹೇಳಿದಳು. ಒಂದು ಸಂಬಂಧ ಮುರಿಯಿತು. ಮುಂದಿನದು 2024ರಲ್ಲಿ ಮದುವೆಯವರೆಗೆ ಬಂತು.

ಭಾರತದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ 1985ರಿಂದ ಇದೆ, ಬೆಂಗಳೂರಿನಲ್ಲೂ ಶಾಖೆ ಇದೆ. ಸುಮಾಗೆ ಅದರ ವಿಳಾಸ ಕೊಟ್ಟಾಗ ಹೋಗಲು ಮನಸ್ಸಿರಲಿಲ್ಲ. ಗಾಲಿಕುರ್ಚಿಯಲ್ಲಿರುವವರನ್ನು ನೋಡಿದರೆ ತನ್ನ ನಾಳೆ ಕಾಣುತ್ತದೆ ಎಂಬ ಭಯ. ಹೋದ ಮೇಲೆ ಉಪಯೋಗವಾದದ್ದು ಚಿಕ್ಕ ಚಿಕ್ಕ ವಿಷಯಗಳು. ಬೇಸಿಗೆಯಲ್ಲಿ ಕತ್ತಿಗೆ ಒದ್ದೆ ಟವೆಲ್, ಹೊರಡುವ ಮುಂಚೆ ತಣ್ಣೀರು ಸ್ನಾನ, ಗಂಟೆ ನೋಡಿಕೊಂಡು ಶೌಚಾಲಯಕ್ಕೆ ಹೋಗುವ ಅಭ್ಯಾಸ.

ಈಗ ಎಲ್ಲಿದ್ದಾರೆ

ಔಷಧಿ ಬದಲಾದ ಮೇಲೆ ರಿಲ್ಯಾಪ್ಸ್ ಆಗಿಲ್ಲ. 2024ರ ಮತ್ತು 2025ರ ಎಂಆರ್‌ಐಗಳಲ್ಲಿ ಹೊಸ ಮಚ್ಚೆ ಇಲ್ಲ. ಎಡಗಾಲು ಪೂರ್ತಿ ಸರಿಹೋಗಿಲ್ಲ, ದೂರ ನಡೆದರೆ ಎಳೆಯುತ್ತದೆ. ತಾಯಿ ಊರಿಗೆ ವಾಪಸ್ ಹೋಗಿ ಒಂದು ಹಸು ಕೊಂಡಿದ್ದಾರೆ. ಅಡವಿಟ್ಟ ಚಿನ್ನದಲ್ಲಿ ಅರ್ಧ ಬಿಡಿಸಿಕೊಂಡಿದ್ದಾರೆ. ರವಿ ಡಿಪೋದಲ್ಲೇ ಇದ್ದಾರೆ. ಸೇಲ್ಸ್‌ನಲ್ಲಿ ಜೊತೆಗಿದ್ದವರು ಏರಿಯಾ ಮ್ಯಾನೇಜರ್ ಆಗಿದ್ದಾರೆ. ಸುಮಾ ಕೆಲಸ ಉಳಿಯಿತು, ಇನ್‌ಕ್ರಿಮೆಂಟ್ ಎರಡು ವರ್ಷ ಬರಲಿಲ್ಲ, ಟೀಮ್ ಲೀಡ್ ಪಟ್ಟಿಯಿಂದ ಹೆಸರು ಸದ್ದಿಲ್ಲದೆ ಹೋಯಿತು. ಇದನ್ನು ಪ್ರಶ್ನಿಸಬಹುದಾ ಎಂದು ಕೇಳಿದರು. ಪ್ರಶ್ನಿಸಬಹುದು. ಅವರು ಸದ್ಯಕ್ಕೆ ಬೇಡ ಅಂದರು.

ನಮ್ಮ ವಿಭಾಗದಲ್ಲಿ ಈ ಪ್ರಕರಣದಿಂದ ಕೆಲವು ಅಭ್ಯಾಸ ಬದಲಾದವು. ಎಂಎಸ್ ಎಂದು ಗೊತ್ತಾದ ತಿಂಗಳಲ್ಲೇ ಆ ನೋಟ್‌ಬುಕ್ ಲೆಕ್ಕವನ್ನು ಬರೆಸುತ್ತೇವೆ, ಸಾಲ ಏರಿದ ಮೇಲಲ್ಲ. ಔಷಧಿ ಆರಿಸುವ ಮುಂಚೆ ಡಾಕ್ಟರಿಗೆ ರೋಗಿಯ ವಿಮೆ ಯಾವ ಬಗೆಯದು, ಮನೆಯಲ್ಲಿ ಯಾರಿಗೆ ಗೊತ್ತಿದೆ ಎಂಬ ಎರಡು ಸಾಲು ಬರೆದು ಕೊಡುತ್ತೇವೆ. ಅಂಗವೈಕಲ್ಯ ಮಂಡಳಿಗೆ ಹೋಗುವವರು ಒಂದು ತಿಂಗಳ ದಿನಚರಿ ಒಯ್ಯುವಂತೆ ಹೇಳುತ್ತೇವೆ: ಎಷ್ಟು ಹೊತ್ತಿಗೆ ಕಾಲು ಸೋತಿತು, ಎಷ್ಟು ದಿನ ರಜೆ ಹಾಕಿದರು, ಎಷ್ಟು ಸಲ ಬಿದ್ದರು. ಗಂಭೀರ ಕಾಯಿಲೆಗೆ ಇಡೀ ಮೊತ್ತ ಕೊಡುವ ವಿಮೆ ಯಾರಿಗಾದರೂ ಇದ್ದರೆ ಅದನ್ನು ತೆಗೆದು ಓದಿಸುತ್ತೇವೆ. ಅಂಥ ಹಲವು ಪಾಲಿಸಿಗಳ ಪಟ್ಟಿಯಲ್ಲಿ ಎಂಎಸ್ ಇದೆ, ಆದರೆ ನರದ ತೊಂದರೆ ಸತತ ಆರು ತಿಂಗಳು ಇತ್ತು ಎಂದು ತೋರಿಸಬೇಕು. ರಿಲ್ಯಾಪ್ಸ್ ಆಗಿ ಸರಿಹೋದವರಿಗೆ ಅಲ್ಲೇ ತೊಡಕು, ಹಾಗಾಗಿ ಪ್ರತಿ ಭೇಟಿಯಲ್ಲೂ ಉಳಿದ ತೊಂದರೆಯನ್ನು ಡಾಕ್ಟರು ಬರೆಯುವಂತೆ ನೋಡಿಕೊಳ್ಳಬೇಕು. ಸುಮಾಗೆ ಇಂಥ ಪಾಲಿಸಿ ಇರಲಿಲ್ಲ. ಅವರ ವಯಸ್ಸಿನವರಲ್ಲಿ ಎಷ್ಟು ಜನಕ್ಕೆ ಇರುತ್ತದೆ?

ಗುಂಪು ವಿಮೆಯಲ್ಲಿರುವವರು ಕೆಲಸ ಬಿಡುವಾಗ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅರ್ಜಿ ಹಾಕಬಹುದು, ಕಾಯುವ ಅವಧಿಯಲ್ಲಿ ಕಳೆದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಕೊಡುವುದು ಬಿಡುವುದು ವಿಮಾ ಕಂಪನಿಗೆ ಬಿಟ್ಟದ್ದು. ಸುಮಾ ಅರ್ಜಿ ಹಾಕುವುದನ್ನು ಮುಂದೂಡುತ್ತಾ ಬಂದಿದ್ದರು. ಈ ವರ್ಷ ಅವರ ಆಫೀಸು ವಿಮಾ ಕಂಪನಿಯನ್ನೇ ಬದಲಿಸಿದೆ. ಹೊಸ ಪಾಲಿಸಿಯಲ್ಲಿ ಮೋನೋಕ್ಲೋನಲ್ ಚಿಕಿತ್ಸೆಯ ಮಿತಿ ಹಳೆಯದಕ್ಕಿಂತ ಕಡಿಮೆ. ಮುಂದಿನ ಡ್ರಿಪ್‌ಗೆ ಎರಡು ತಿಂಗಳಿದೆ. ಪೂರ್ವಾನುಮತಿ ಅರ್ಜಿ, ಡಾಕ್ಟರ ಪತ್ರ, ಹಳೆಯ ಕ್ಲೇಮ್ ಮಂಜೂರಾದ ಪ್ರತಿ, ಮೂರನ್ನೂ ಕಳೆದ ವಾರ ಕಳಿಸಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.